ಒಲೆ, ಬಿಸ್ಕತ್ತು, ಯಕೃತ್ತು, ದುಃಖ: ರಷ್ಯನ್ನರ 'ಪೇಚ್' ಪದದ ಬಳಗ

ಪ್ರಶ್ನೆ: ನಾನು ಕರ್ನಾಟಕದಿಂದ ಬಂದು ರಷ್ಯಾದಲ್ಲಿ ವೈದ್ಯಕೀಯ ಓದುತ್ತಿದ್ದೇನೆ. ಭಾಷೆಯ ತರಗತಿಯಲ್ಲಿ 'ಪೇಚ್' ಅಂದರೆ ಒಲೆ, 'ಬೇಯಿಸು' ಅನ್ನುವುದಕ್ಕೂ ಅದೇ ಪದ ಎಂದರು. ಅಂಗಡಿಗೆ ಹೋದರೆ 'ಪೆಚೇನ್ಯೆ' ಅಂದರೆ ಬಿಸ್ಕತ್ತು. ಅಂಗರಚನೆಯ ಪಾಠದಲ್ಲಿ 'ಪೇಚೆನ್' ಅಂದರೆ ಯಕೃತ್ತು. ಹಾಡುಗಳಲ್ಲಿ 'ಪೆಚಾಲ್' ಅಂದರೆ ದುಃಖ. ಇವೆಲ್ಲ ಒಂದೇ ಪದದಿಂದ ಬಂದವೇ? ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಕೇಳಿದ್ದಕ್ಕೆ, 'ಅದು ನಮ್ಮ ಪಚನ. ರಷ್ಯನ್ ಹುಟ್ಟಿದ್ದೇ ಸಂಸ್ಕೃತದಿಂದ' ಎಂದು ಮಾವ ಬರೆದರು. ನಿಜವೇ?

ಉತ್ತರ: ನಾಲ್ಕೂ ಒಂದೇ ಬೇರಿನವು. ಇದರಲ್ಲಿ ಅನುಮಾನವೇ ಇಲ್ಲ. ನಿಮ್ಮ ಮಾವ ಹೇಳಿದ್ದರಲ್ಲಿ ಮೊದಲ ಮಾತು ಬಹುಮಟ್ಟಿಗೆ ಸರಿ, ಎರಡನೆಯದು ತಪ್ಪು. ಆ ವಿಷಯಕ್ಕೆ ಆಮೇಲೆ ಬರೋಣ. ಮೊದಲು ಒಲೆ.

ಪೇಚ್ ಅಂದ ಕೂಡಲೇ ನಮ್ಮ ಮೂರು ಕಲ್ಲಿನ ಒಲೆಯನ್ನೋ ಗ್ಯಾಸ್ ಸ್ಟೌವನ್ನೋ ಕಣ್ಣಮುಂದೆ ತಂದುಕೊಂಡರೆ ಈ ಪದ ಅರ್ಥವಾಗುವುದಿಲ್ಲ. ರಷ್ಯದ ಹಳ್ಳಿಮನೆಗೆ 'ಇಜ್ಬಾ' ಅನ್ನುತ್ತಾರೆ. ಮರದ ದಿಮ್ಮಿಗಳಿಂದ ಕಟ್ಟಿದ ಒಂದೇ ದೊಡ್ಡ ಕೋಣೆ. ಅದರ ಕಾಲು ಭಾಗವನ್ನು ಪೇಚ್ ಒಂದೇ ನುಂಗಿರುತ್ತಿತ್ತು. ಮಣ್ಣಿನದೋ ಇಟ್ಟಿಗೆಯದೋ ದೊಡ್ಡ ಗೂಡು, ಒಳಗೆ ಕಮಾನಿನ ಛಾವಣಿ, ಮುಂದೆ ಬಾಯಿ. ಬೆಳಗ್ಗೆ ಒಂದು ಸಲ ಸೌದೆ ಹಾಕಿ ಉರಿಸಿ, ಉರಿ ಇಳಿದ ಮೇಲೆ ಕೆಂಡವನ್ನು ಪಕ್ಕಕ್ಕೆ ಎಳೆದು, ಗಡಿಗೆಗಳನ್ನು ಒಳಗೆ ತಳ್ಳಿ ಬಾಯಿ ಮುಚ್ಚುತ್ತಿದ್ದರು. ಅಡುಗೆ ಆಗುತ್ತಿದ್ದುದು ಉರಿಯಲ್ಲಲ್ಲ, ಗೋಡೆ ಹೀರಿಕೊಂಡ ಕಾವಿನಲ್ಲಿ. ಎಲೆಕೋಸಿನ ಸಾರು, ಗಂಜಿ, ರೈ ಎಂಬ ಧಾನ್ಯದ ಹಿಟ್ಟಿನ ರೊಟ್ಟಿ ಎಲ್ಲವೂ ಇಳಿಯುವ ಶಾಖದಲ್ಲಿ ನಿಧಾನಕ್ಕೆ ಬೇಯುತ್ತಿದ್ದವು. ಹಾಲಿನ ಗಡಿಗೆ ಇಟ್ಟರೆ ಸಂಜೆಗೆ ಅದು ಕೆಂಬಣ್ಣಕ್ಕೆ ತಿರುಗಿ ಮೇಲೆ ದಪ್ಪ ಕೆನೆ ಕಟ್ಟುತ್ತಿತ್ತು. ನಮ್ಮ ಹಳ್ಳಿಗಳಲ್ಲಿ ಕುಳ್ಳಿನ ಬೆಂಕಿ ಮೇಲೆ ದಿನವಿಡೀ ಕಾಯುವ ಹಾಲಿನ ರುಚಿ ಗೊತ್ತಿದ್ದವರಿಗೆ ಇದನ್ನು ವಿವರಿಸಬೇಕಿಲ್ಲ. ನಿಮ್ಮ ಊರಿನ ಅಂಗಡಿಯಲ್ಲಿ ಈಗಲೂ 'ತಪ್ಲ್ಯೋನಯೆ ಮಲಕೋ' ಹೆಸರಿನಲ್ಲಿ ಆ ಹಾಲು ಸಿಗುತ್ತದೆ. ಒಮ್ಮೆ ಕುಡಿದು ನೋಡಿ.

ಪೇಚ್ ಬರೀ ಅಡುಗೆಗಲ್ಲ. ಚಳಿಗಾಲದಲ್ಲಿ ಅದರ ಬೆಚ್ಚನೆಯ ಮಾಳಿಗೆಯ ಮೇಲೆ ಮುದುಕರು, ಮಕ್ಕಳು ಮಲಗುತ್ತಿದ್ದರು. ಕೆಳಗಿನ ಗೂಡಿನಲ್ಲಿ ಕೋಳಿಗಳು ಇರುತ್ತಿದ್ದವು. ಸ್ನಾನದ ಮನೆ ಇಲ್ಲದ ಹಳ್ಳಿಗಳಲ್ಲಿ ಉರಿ ಆರಿದ ಮೇಲೆ ಒಳಗೆ ಹುಲ್ಲು ಹಾಸಿಕೊಂಡು, ಜನ ಒಲೆಯೊಳಗೇ ತೂರಿ ಮೈ ತೊಳೆದುಕೊಳ್ಳುತ್ತಿದ್ದರು! ಮನೆಯನ್ನು ಕಾಯುವ 'ದೊಮೊವೋಯ್' ಎಂಬ ಗೃಹದೈವ ಇರುವುದು ಒಲೆಯ ಹಿಂದೆಯೇ ಎಂಬ ನಂಬಿಕೆ ಇತ್ತು. ಹೊಸ ಮನೆಗೆ ಹೋಗುವಾಗ ಹಳೆಯ ಒಲೆಯ ಕೆಂಡವನ್ನು ಗಡಿಗೆಯಲ್ಲಿ ತುಂಬಿಕೊಂಡು, ಆ ದೈವವನ್ನೂ ಜೊತೆಗೆ ಕರೆದು ಹೋಗುತ್ತಿದ್ದರು. ಜಾನಪದ ವೀರ ಇಲ್ಯಾ ಮುರೊಮೆತ್ಸ್ ಎದ್ದು ನಡೆಯಲಾಗದೆ 33 ವರ್ಷ ಕೂತಿದ್ದು ಪೇಚ್ ಮೇಲೆ. ಸೋಮಾರಿ ಎಮೆಲ್ಯಾ ಅರಮನೆಗೆ ಸವಾರಿ ಹೊರಟಿದ್ದೂ ಪೇಚ್ ಮೇಲೆಯೇ.

ಇನ್ನೊಂದು ಆಚರಣೆ ಇತ್ತು, ಅದನ್ನು ಬಿಟ್ಟು ಮುಂದೆ ಹೋಗಲು ಮನಸ್ಸಾಗುವುದಿಲ್ಲ. ಹೆಸರು 'ಪೆರೆಪೆಕಾನಿಯೆ', ಅಂದರೆ ಮತ್ತೊಮ್ಮೆ ಬೇಯಿಸುವುದು. ಅವಧಿಗೆ ಮುಂಚೆ ಹುಟ್ಟಿದ ಮಗುವನ್ನೋ, ಮೈ ಹಿಡಿಯದೆ ಸೊರಗುವ ಕೂಸನ್ನೋ ರೊಟ್ಟಿ ತಳ್ಳುವ ಮರದ ಸಲಿಕೆಯ ಮೇಲೆ ಮಲಗಿಸಿ, ಉರಿ ಆರಿ ಬರೀ ಬೆಚ್ಚಗಿರುವ ಒಲೆಯೊಳಗೆ ಮೂರು ಸಲ ತಳ್ಳಿ ಹೊರಗೆ ತೆಗೆಯುತ್ತಿದ್ದರು. ಕೆಲವು ಕಡೆ ಮಗುವಿಗೆ ರೈ ಹಿಟ್ಟಿನ ಕಣಕವನ್ನೂ ಮೆತ್ತುತ್ತಿದ್ದರು. ತಾಯಿಯ ಹೊಟ್ಟೆಯಲ್ಲಿ ಪೂರ್ತಿ ಬೇಯದೆ ಬಂದದ್ದನ್ನು ಒಲೆಯಲ್ಲಿ ಬೇಯಿಸಿ ಮುಗಿಸುವ ಲೆಕ್ಕ. ಮಗುವನ್ನು ಸಲಿಕೆ ಮೇಲೆ ಕೂರಿಸಿ ಒಲೆಗೆ ತಳ್ಳುವ ಬಾಬಾ ಯಗಾ ಎಂಬ ಮುದುಕಿಯ ಕಥೆಯ ಹಿಂದೆ ಈ ಆಚರಣೆಯ ನೆನಪಿದೆ ಎನ್ನುವ ಜಾನಪದ ವಿದ್ವಾಂಸರೂ ಇದ್ದಾರೆ.

19ನೇ ಶತಮಾನದಲ್ಲಿ ನಿಘಂಟುಕಾರ ವ್ಲದೀಮಿರ್ ದಾಲ್ ಸಂಗ್ರಹಿಸಿದ ಗಾದೆಗಳಲ್ಲಿ ಒಂದು ಹೀಗಿದೆ: 'ಮನೆಯಲ್ಲಿ ಪೇಚ್ ಇದೆ ಅನ್ನುವುದೇ ಒಳ್ಳೆಯ ಮಾತು.' ರಷ್ಯನ್‌ನಲ್ಲಿ ಮಾತಿಗೆ 'ರೇಚ್', ಒಲೆಗೆ 'ಪೇಚ್'. ಪ್ರಾಸ ಸರಿಯಾಗಿ ಕೂಡಿಕೊಂಡಿದೆ.

ಈಗ ಬಳಗಕ್ಕೆ ಬರೋಣ. ರಷ್ಯನ್, ಪೋಲಿಷ್, ಚೆಕ್, ಸರ್ಬಿಯನ್, ಬಲ್ಗೇರಿಯನ್ ಮುಂತಾದ ಸ್ಲಾವಿಕ್ ಭಾಷೆಗಳೆಲ್ಲ ಒಂದೇ ಆಗಿದ್ದ ಕಾಲದಲ್ಲಿ 'ಪೆಕ್' ಎಂಬ ಬೇರು ಇತ್ತು. ಒಣ ಶಾಖದಲ್ಲಿ ಬೇಯಿಸುವುದು, ಸುಡುವುದು ಅದರ ಅರ್ಥ. ನೀರಿನಲ್ಲಿ ಕುದಿಸುವುದಕ್ಕೆ ರಷ್ಯನ್‌ನಲ್ಲಿ ಬೇರೆ ಕ್ರಿಯಾಪದವಿದೆ, ಎಣ್ಣೆಯಲ್ಲಿ ಹುರಿಯುವುದಕ್ಕೆ ಇನ್ನೊಂದು. ರೊಟ್ಟಿ, ಕೇಕು, ಬೂದಿಯಲ್ಲಿ ಸುಟ್ಟ ಆಲೂಗಡ್ಡೆ ಇವಕ್ಕೆಲ್ಲ ಪೇಚ್. ಬೇಕರಿಯವನು 'ಪೇಕರ್'. ಬೇಯಿಸಿದ್ದು ಪೆಚೇನ್ಯೆ. ರಷ್ಯಾದಲ್ಲಿ ಈ ಮಾತು ಬಿಸ್ಕತ್ತಿಗೆ ಅಂಟಿಕೊಂಡಿತು. ಸರ್ಬಿಯಾದಲ್ಲಿ ಅದೇ ಪದ ಸುಟ್ಟ ಮಾಂಸಕ್ಕೆ ಹೋಯಿತು. ಹಾಗಾಗಿ ಬೆಲ್‌ಗ್ರೇಡಿನ ಹೋಟೆಲಿನಲ್ಲಿ ಟೀ ಜೊತೆ ಪೆಚೇನ್ಯೆ ಕೇಳಿದರೆ ಕುರಿಯೋ ಹಂದಿಯೋ ಬಂದು ಕೂತೀತು. ಸಸ್ಯಾಹಾರಿಗಳು ಹುಷಾರು.

ಯಕೃತ್ತಿನ ಕಥೆಯೂ ಅಡುಗೆಮನೆಯದೇ. ಪೇಚೆನ್ ಎಂದರೆ ಮೊದಲು ಬರೀ 'ಸುಟ್ಟದ್ದು' ಎಂದು ಅರ್ಥ. ಪೋಲಿಷ್‌ನಲ್ಲಿ ಇದೇ ಪದ ಇವತ್ತಿಗೂ ಸುಟ್ಟ ಮಾಂಸ. ಪ್ರಾಣಿ ಕೊಯ್ದಾಗ ಬೇಗ ಸುಟ್ಟು ತಿನ್ನುವ ಭಾಗ ಯಕೃತ್ತು. ತಿನಿಸಿನ ಹೆಸರೇ ನಿಧಾನಕ್ಕೆ ಅಂಗದ ಹೆಸರಾಯಿತು. ಪಕ್ಕದ ಲಿಥುವೇನಿಯನ್ ಭಾಷೆಯಲ್ಲೂ ಹೀಗೇ ಆಗಿದೆ. ಅಲ್ಲಿ ಬೇಯಿಸುವುದಕ್ಕೆ 'ಕೆಪ್ತಿ', ಯಕೃತ್ತಿಗೆ 'ಕೆಪೆನಿಸ್'. ಅವರ ಬಾಯಲ್ಲಿ 'ಪೆಕ್' ತಿರುವುಮುರುವಾಗಿ 'ಕೆಪ್' ಆಗಿದೆ, ಅಷ್ಟೇ. ಇಟಾಲಿಯನ್‌ನಲ್ಲಿ ಯಕೃತ್ತಿಗೆ 'ಫೆಗತೊ'. ಅದು ಅಂಜೂರ ತಿನ್ನಿಸಿ ಕೊಬ್ಬಿಸಿದ ಪ್ರಾಣಿಯ ಯಕೃತ್ತಿನ ಖಾದ್ಯದ ಹೆಸರಿನಿಂದ ಬಂದದ್ದು. ನಿಮ್ಮ ಪಠ್ಯಪುಸ್ತಕದ ಹೆಪಟೈಟಿಸ್‌ನಲ್ಲಿರುವ ಗ್ರೀಕಿನ 'ಹೆಪರ್' ಮತ್ತು ನಮ್ಮ ಯಕೃತ್ ಇವೆರಡೂ ಯಕೃತ್ತಿನ ಹಳೆಯ ಹೆಸರಿನ ಮುಂದುವರಿಕೆ. ರಷ್ಯನ್ನರ ಪದ ಬಾಣಲೆಯ ಕಡೆಯಿಂದ ಬಂದು ಜಾಗ ಹಿಡಿದದ್ದು. ಬೆವರಿಗೆ ರಷ್ಯನ್‌ನಲ್ಲಿ 'ಪೋತ್' ಅನ್ನುತ್ತಾರಲ್ವಾ? ಅದೂ ಇದೇ ಬೇರು. ಮೊದಲಿದ್ದ ರೂಪ 'ಪೊಕ್ತ್', ಕಾವಿನಿಂದ ಬರುವುದು.

ದುಃಖ ಹೇಗೆ ಬಂತು ಎನ್ನುವುದು ಕನ್ನಡಿಗರಿಗೆ ಕಷ್ಟವಾಗಬಾರದು. ನಮ್ಮಲ್ಲಿ ಹೊಟ್ಟೆ ಉರಿಯುತ್ತದೆ, ಕರುಳು ಸುಡುತ್ತದೆ, ಸಂಸಾರದಲ್ಲಿ ಬೆಂದು ಹೋದೆ ಅನ್ನುತ್ತೇವೆ. ಚಿತೆ ಸತ್ತವರನ್ನು ಸುಟ್ಟರೆ ಚಿಂತೆ ಬದುಕಿದವರನ್ನು ಸುಡುತ್ತದೆ ಎಂಬ ಮಾತು ಎಲ್ಲರಿಗೂ ಗೊತ್ತು. ಸಂಸ್ಕೃತದ ಶೋಕ ಬಂದಿರುವುದು ಉರಿ ಎಂಬ ಅರ್ಥದ ಧಾತುವಿನಿಂದ. ಸಂತಾಪದಲ್ಲಿ ತಾಪ ಎದ್ದು ಕಾಣುತ್ತಿದೆ. ಪೆಚಾಲ್ ಹಾಗೇ ಒಳಗೆ ಬೇಯುವುದು.

ಆದರೆ ಸ್ಲಾವಿಕ್ ಭಾಷೆಗಳು ಇಲ್ಲಿಗೇ ನಿಲ್ಲಲಿಲ್ಲ. ಯಾರಿಗಾಗಿ ನೀನು ಬೇಯುತ್ತೀಯೋ ಅವರನ್ನು ನೋಡಿಕೊಳ್ಳುತ್ತೀಯ. ರಷ್ಯನ್‌ನಲ್ಲಿ ಒಬ್ಬರ ಬಗ್ಗೆ ಕಾಳಜಿ ವಹಿಸುವುದಕ್ಕೆ 'ಪೇಚ್‌ಸ್ಯ' ಎಂಬ ಮಾತಿದೆ. ಪದಶಃ ಹೇಳಿದರೆ ತನ್ನನ್ನು ತಾನು ಬೇಯಿಸಿಕೊಳ್ಳುವುದು. 'ಒಪೇಕ' ಅಂದರೆ ಪೋಷಕತ್ವ. ಯಾವ ಕಾಳಜಿಯೂ ಇಲ್ಲದವನು 'ಬೆಸ್ಪೇಚ್ನಿ'. ಪೋಲೆಂಡಿನಲ್ಲಿ ಆರೋಗ್ಯ ಸೇವೆಯನ್ನು ಹೇಳುವಾಗ ಬಳಸುವ ಪದ 'ಒಪ್ಯೆಕಾ'. ಚೆಕ್ ಭಾಷೆಯಲ್ಲಿ ಆರೈಕೆಗೆ 'ಪೇಚೆ'. ಪ್ರಾಗಿನ ಆಸ್ಪತ್ರೆಯಲ್ಲಿ ತೀವ್ರ ನಿಗಾ ಘಟಕದ ಬಾಗಿಲ ಮೇಲೆ ಬರೆದಿರುವುದು ಇದೇ ಪದ. ಒಲೆಗೂ ಐಸಿಯುಗೂ ಒಂದೇ ಬೇರು!

ಇನ್ನೂ ದಕ್ಷಿಣಕ್ಕೆ ಇಳಿದರೆ ಅರ್ಥ ಉಲ್ಟಾ ಆದ ಹಾಗೆ ಕಾಣುತ್ತದೆ. ಬಲ್ಗೇರಿಯನ್‌ನಲ್ಲಿ 'ಪೆಚಾಲ್ಬ' ಅಂದರೆ ಲಾಭ. ರಷ್ಯನ್ನರ ದುಃಖ ಬಲ್ಗೇರಿಯನ್ನರಿಗೆ ಲಾಭ ಹೇಗಾಯಿತು? ಕಾಳಜಿಯಿಂದ ದುಡಿಮೆ, ದುಡಿಮೆಯಿಂದ ಗಳಿಕೆ. ಮ್ಯಾಸಿಡೋನಿಯ ಕಡೆಯ ಗಂಡಸರು ಹೆಂಡತಿ ಮಕ್ಕಳನ್ನು ಊರಲ್ಲಿ ಬಿಟ್ಟು ದೂರದ ನಾಡುಗಳಿಗೆ ಕೂಲಿಗೆ ಹೋಗುತ್ತಿದ್ದರು. ಅವರನ್ನು 'ಪೆಚಾಲ್ಬಾರಿ' ಎಂದು ಕರೆಯುತ್ತಿದ್ದರು. ಮನೆಯವರಿಗೆ ಆ ಪದದಲ್ಲಿ ಗಳಿಕೆಯೂ ಕೇಳಿಸುತ್ತಿತ್ತು, ಸಂಕಟವೂ ಕೇಳಿಸುತ್ತಿತ್ತು ಅಂತ ನನಗನ್ನಿಸುತ್ತದೆ. ಕರಾವಳಿಯಿಂದ ಗಲ್ಫಿಗೆ ಹೋದವರ ಮನೆಗಳಿಗೆ ಇದು ಗೊತ್ತಿರುವ ವಿಷಯ.

ಈಗ ಮಾವನ ಮಾತು. ಪೇಚ್ ಮತ್ತು ಪಚನ ಸಂಬಂಧಿಗಳು ಹೌದು. ಆದರೆ ತಾಯಿ ಮಗಳಲ್ಲ, ದೊಡ್ಡಪ್ಪ ಚಿಕ್ಕಪ್ಪನ ಮಕ್ಕಳು. ಸಂಸ್ಕೃತ, ಗ್ರೀಕ್, ಲ್ಯಾಟಿನ್‌ಗಳಿಗೆ ಈಗ ಉಳಿದಿಲ್ಲದ ಒಂದು ಮೂಲಭಾಷೆ ಇದ್ದಿರಬೇಕು ಎಂದು ವಿಲಿಯಂ ಜೋನ್ಸ್ 1786ರಲ್ಲಿ ಕಲ್ಕತ್ತೆಯಲ್ಲಿ ಹೇಳಿದ. ಆಮೇಲಿನ ಕೆಲಸ ಸ್ಲಾವಿಕ್ ಭಾಷೆಗಳೂ ಅದೇ ಕುಟುಂಬದವು ಎಂದು ತೋರಿಸಿತು. ಇದಕ್ಕೆ ಪುರಾವೆ ಪದಗಳು ಒಂದೇ ಥರ ಕೇಳಿಸುತ್ತವೆ ಅನ್ನುವುದಲ್ಲ. ಪುರಾವೆ ಇರುವುದು ಪದಗಳು ಎಲ್ಲಿ ಬೇರೆಯಾಗುತ್ತವೆ, ಯಾವ ನಿಯಮದಂತೆ ಬೇರೆಯಾಗುತ್ತವೆ ಅನ್ನುವುದರಲ್ಲಿ.

ನಿಮ್ಮ ರಷ್ಯನ್ ಪುಸ್ತಕ ತೆರೆದು ಈ ಕ್ರಿಯಾಪದದ ರೂಪಗಳನ್ನು ನೋಡಿ. ನಾನು ಬೇಯಿಸುತ್ತೇನೆ, 'ಪೆಕೂ'. ನೀನು, 'ಪೆಚೋಷ್'. ಅವನು, 'ಪೆಚೋತ್'. ಅವರು, 'ಪೆಕೂತ್'. ಒಮ್ಮೆ ಕ, ಒಮ್ಮೆ ಚ. ಹಳೆಯ ಕಾಲದಲ್ಲಿ ಕ ಆದಮೇಲೆ 'ಎ' ಸ್ವರ ಬರುತ್ತಿದ್ದ ಕಡೆ ಕ ಮೆತ್ತಗಾಗಿ ಚ ಆಯಿತು. ಬೇರೆ ಸ್ವರ ಇದ್ದ ಕಡೆ ಕ ಹಾಗೇ ಉಳಿಯಿತು. ಈಗ ನಮ್ಮ ಕಡೆ ನೋಡಿ: ಪಚನ, ಆದರೆ ಪಾಕ. ಪಚಿಸು, ಆದರೆ ಪಕ್ವ. ಇಲ್ಲೂ ಒಮ್ಮೆ ಚ, ಒಮ್ಮೆ ಕ! ಶೋಕ ಮತ್ತು ಶೋಚನೀಯ, ವಾಕ್ಯ ಮತ್ತು ವಚನ, ತ್ಯಾಗ ಮತ್ತು ತ್ಯಜಿಸು, ಎಲ್ಲದರಲ್ಲೂ ಇದೇ ಆಟ. ಆದರೆ ಸಂಸ್ಕೃತದಲ್ಲಿ ಇದರ ಕಾರಣ ಕಾಣುವುದಿಲ್ಲ, ಯಾಕೆಂದರೆ ಮೂಲದ 'ಎ' ಮತ್ತು 'ಒ' ಎರಡೂ ಅಲ್ಲಿ 'ಅ' ಆಗಿಬಿಟ್ಟಿವೆ. ಚ ಇದ್ದ ಕಡೆ ಹಿಂದೆ 'ಎ' ಇತ್ತು, ಅದು ಕ-ವನ್ನು ಚ ಮಾಡಿ ಆಮೇಲೆ ತಾನೇ 'ಅ' ಆಯಿತು ಎಂದು 1870ರ ದಶಕದಲ್ಲಿ ಹಲವು ಭಾಷಾಶಾಸ್ತ್ರಜ್ಞರು ಹೆಚ್ಚುಕಡಿಮೆ ಒಟ್ಟಿಗೇ ಕಂಡುಹಿಡಿದರು. ಅಂದರೆ ಈ ವಿಷಯದಲ್ಲಿ ರಷ್ಯನ್ನಿನ 'ಎ' ಹಳೆಯದು, ಸಂಸ್ಕೃತದ 'ಅ' ಹೊಸದು. ರಷ್ಯನ್ ಸಂಸ್ಕೃತದಿಂದ ಹುಟ್ಟಿದ್ದರೆ, ಸಂಸ್ಕೃತ ಆಗಲೇ ಕಳೆದುಕೊಂಡಿದ್ದ ಸ್ವರ ಅದಕ್ಕೆ ಎಲ್ಲಿಂದ ಬರಬೇಕು? ಮಾವನಿಗೆ ಈ ಒಂದು ಪ್ರಶ್ನೆ ಕಳಿಸಿ ಸಾಕು.

ಕ ಚ ಆಗುವುದು ರಷ್ಯನ್‌ನಲ್ಲಿ, ಸಂಸ್ಕೃತದಲ್ಲಿ ಬೇರೆ ಬೇರೆಯಾಗಿಯೇ ನಡೆಯಿತು. ಇದೇನೂ ಅಪರೂಪವಲ್ಲ. ನಮ್ಮ ಮನೆಯ ಪಕ್ಕದಲ್ಲೇ ನಡೆದಿದೆ. ಕನ್ನಡದ ಕಿವಿ ತೆಲುಗು, ತಮಿಳಿನಲ್ಲಿ ಚೆವಿ. ನಮ್ಮ ಕೆರೆ ತೆಲುಗರಿಗೆ ಚೆರುವು. ಮುಂದೆ 'ಇ', 'ಎ' ಬಂದರೆ ನಾಲಿಗೆ ಮುಂದಕ್ಕೆ ಜಾರಿ ಕ ಚ ಆಗುತ್ತದೆ. ಕನ್ನಡ ಅಲ್ಲಿ ಹಠ ಹಿಡಿದು ಕ ಉಳಿಸಿಕೊಂಡಿತು.

ಒಲೆ ಎಂಬ ನಾಮಪದವನ್ನು ತೆಗೆದುಕೊಂಡರೂ ಹೀಗೇ. ಹಳೆಯ ಸ್ಲಾವಿಕ್ ರೂಪ 'ಪೆಕ್ತಿ'. ಸಂಸ್ಕೃತದಲ್ಲಿ 'ಪಕ್ತಿ' ಎಂಬ ಪದವೇ ಇದೆ, ಅಡುಗೆ, ಜೀರ್ಣವಾಗುವಿಕೆ ಎಂದು ಅರ್ಥ. ಈ 'ಕ್ತಿ' ರಷ್ಯನ್‌ನಲ್ಲಿ 'ಚ್' ಆಯಿತು: ಪೇಚ್. ಬಲ್ಗೇರಿಯನ್‌ನಲ್ಲಿ 'ಷ್ತ್': ಪೆಷ್ತ್. ಪೋಲಿಷ್, ಚೆಕ್‌ಗಳಲ್ಲಿ 'ತ್ಸ್': ಪ್ಯೆತ್ಸ್, ಪೆತ್ಸ್. ಇದು ಒಂದು ಪದದ ಚಮತ್ಕಾರವಲ್ಲ. ರಾತ್ರಿಗೆ ಹಳೆಯ ಪದ 'ನೊಕ್ತಿ'. ರಷ್ಯನ್‌ನಲ್ಲಿ ನೋಚ್, ಬಲ್ಗೇರಿಯನ್‌ನಲ್ಲಿ ನೋಷ್ತ್, ಪೋಲಿಷ್ ಮತ್ತು ಚೆಕ್‌ನಲ್ಲಿ ನೋತ್ಸ್. ಸಂಸ್ಕೃತದಲ್ಲಿ ನಕ್ತ, ನಮ್ಮ ನಕ್ತಂಚರದ ನಕ್ತ. ಹೀಗೆ ಸಾಲು ಸಾಲಾಗಿ ಕೂತರೆ ಮಾತ್ರ ಸಂಬಂಧ ಒಪ್ಪಬೇಕು.

ಇದೇ ಬೇರು ಲ್ಯಾಟಿನ್‌ನಲ್ಲಿ ಮೊದಲ ಅಕ್ಷರ ಬದಲಿಸಿಕೊಂಡು 'ಕೊಕ್ವೊ' ಆಯಿತು. ನಮ್ಮ ಪಂಚ ಅಲ್ಲಿ ಕ್ವಿಂಕ್ವೆ ಆದ ಹಾಗೆ. ಅದರಿಂದಲೇ ಕುಕ್, ಕುಕ್ಕರ್, ಕಿಚನ್. ಎರಡು ಸಲ ಬೇಯಿಸಿದ್ದು ಎಂಬ ಅರ್ಥದ ಬಿಸ್ಕತ್ತು ಕೂಡ. ಹಾಗಾಗಿ ನಿಮ್ಮ ಪೆಚೇನ್ಯೆಯೂ ನಮ್ಮ ಬಿಸ್ಕತ್ತೂ ತಿನ್ನುವುದಕ್ಕೆ ಮಾತ್ರ ಅಲ್ಲ, ಬೇರಿನಲ್ಲೂ ಒಂದೇ. ಗ್ರೀಕಿನಲ್ಲಿ ಅದು 'ಪೆಪ್ಸಿಸ್' ಆಗಿ ಜೀರ್ಣಕ್ಕೆ ಹೋಯಿತು. ಪೆಪ್ಸಿನ್, ಪೆಪ್ಟಿಕ್ ಅಲ್ಸರ್, ಕಡೆಗೆ 1898ರಲ್ಲಿ ಹೆಸರು ಪಡೆದ ಪೆಪ್ಸಿ. ಕನ್ನಡಕ್ಕೆ ಹಿಂದಿಯಿಂದ ಬಂದ 'ಪಕ್ಕಾ' ಕೂಡ ಪಕ್ವದ ಮೊಮ್ಮಗನೇ. ಮೈಸೂರು ಪಾಕ್‌ನ ಪಾಕವನ್ನು ಬೇರೆ ಹೇಳಬೇಕೆ? ಒಲೆ ಮಾತ್ರ ಈ ಗುಂಪಿನದಲ್ಲ. ಅದು ತಮಿಳಿನ ಉಲೈ ಜೊತೆಗಿರುವ ಅಪ್ಪಟ ದ್ರಾವಿಡ ಪದ.

ರಷ್ಯನ್ನರು ಒಲೆ ಉರಿಸುವುದಕ್ಕೆ 'ತಪೀತ್ ಪೇಚ್' ಅನ್ನುತ್ತಾರೆ. ತಪೀತ್ ಕೇಳಿ ನಿಮಗೆ ತಪ, ತಾಪ ನೆನಪಾಗಿರಬಹುದು. ಸಂಬಂಧ ನಿಜ, ಆದರೆ ಆ 'ಅ' ಮಾತ್ರ ಮೋಸ. ಬರೆಯುವಾಗ ಅದು 'ತೊಪೀತ್'. ಮಾಸ್ಕೋದ ಉಚ್ಚಾರದಲ್ಲಿ ಒತ್ತಿಲ್ಲದ 'ಒ' ಎಲ್ಲ 'ಅ' ಆಗುತ್ತದೆ. ಬೆಂಕಿಗೆ 'ಅಗೋನ್' ಎಂದಾಗ ಅಗ್ನಿ ಇನ್ನೂ ಹತ್ತಿರ ಕೇಳಿಸುವುದೂ ಇದರಿಂದಲೇ. ಉತ್ತರದ ವೊಲೊಗ್ದಾ ಕಡೆಯ ಹಳಬರ ಬಾಯಲ್ಲಿ ಅದು ಇನ್ನೂ 'ಒಗೋನ್'. ಸಂಬಂಧ ಪಕ್ಕಾ, ಸಾಮ್ಯ ಆಕಸ್ಮಿಕ. ಇವೆರಡನ್ನು ಬೇರೆ ಮಾಡಿ ನೋಡದೆ ಹೋಗುವುದರಿಂದಲೇ ವಾಟ್ಸಾಪ್ ಭಾಷಾಶಾಸ್ತ್ರ ಬೆಳೆಯುವುದು.

ನೀವು ಕೇಳದ ಒಂದು ಶಾಖೆ ಇದೆ, ಗುಹೆ. ಕಮಾನಿನ ಬಾಯಿ, ಒಳಗೆ ಕತ್ತಲು. ಒಲೆಯಂತೆ ಕಾಣುವ ಗುಹೆಗೆ ಒಲೆಯ ಹೆಸರೇ ಬಂತು. ರಷ್ಯನ್‌ನಲ್ಲಿ 'ಪೆಷ್ಚೇರ', ಸರ್ಬಿಯನ್‌ನಲ್ಲಿ 'ಪೆಚಿನಾ'. 1051ರಲ್ಲಿ ಕೀವ್‌ನಲ್ಲಿ ಸನ್ಯಾಸಿಗಳು ಗುಹೆಗಳಲ್ಲಿ ಆರಂಭಿಸಿದ ಮಠದ ಹೆಸರು ಪೆಚೆರ್ಸ್ಕ್ ಲಾವ್ರಾ. ಕೊಸೊವೊದ ಪೇಚ್ ಎಂಬ ಊರಿನ ಹೆಸರೂ ಇದೇ. ಎಲ್ಲಕ್ಕಿಂತ ದೊಡ್ಡದು ಹಂಗೇರಿಯ ರಾಜಧಾನಿ ಬುಡಾಪೆಸ್ಟ್. 1873ರಲ್ಲಿ ಬುಡಾ, ಓಬುಡಾ ಮತ್ತು ಪೆಸ್ಟ್ ಊರುಗಳು ಸೇರಿ ಆದ ನಗರ. ಹಂಗೇರಿಯನ್ ಸ್ಲಾವಿಕ್ ಭಾಷೆಯಲ್ಲ. ಆದರೆ ಪೆಸ್ಟ್ ಎಂಬುದು ಒಲೆ ಅಥವಾ ಗುಹೆ ಎಂಬ ಅರ್ಥದ ಸ್ಲಾವಿಕ್ 'ಪೆಷ್ತ್' ಎಂದೇ ಹೆಚ್ಚಿನವರು ಒಪ್ಪುತ್ತಾರೆ. ನದಿಯಾಚೆಯ ಬುಡಾವನ್ನು ಜರ್ಮನ್ನರು ಕರೆಯುತ್ತಿದ್ದುದು 'ಓಫೆನ್' ಎಂದು. ಅದೂ ಒಲೆಯೇ.

ಹೀಗೆ ಎಲ್ಲ ಕೂಡಿಕೊಳ್ಳುತ್ತಾ ಹೋದಾಗ ಕಂಡದ್ದನ್ನೆಲ್ಲ ಬಳಗಕ್ಕೆ ಸೇರಿಸುವ ಆಸೆ ಆಗುತ್ತದೆ. ಬೇಡ. ರಷ್ಯನ್‌ನಲ್ಲಿ ಸುಡು ಬಿಸಿಲಿಗೂ ನರಕಕ್ಕೂ 'ಪೇಕ್ಲ' ಅನ್ನುತ್ತಾರೆ. ನೋಡಿದರೆ ಪೆಕ್ ಬೇರೇ ಅನ್ನಿಸುತ್ತದೆ. ಆದರೆ ಅದು ಡಾಂಬರಿನಂಥ ಮರದ ರಾಳದ ಹೆಸರಿನಿಂದ ಬಂದದ್ದು. ಪಾಪಿಗಳನ್ನು ಕುದಿಯುವ ರಾಳದಲ್ಲಿ ಅದ್ದುವ ನರಕ. ಮುದ್ರೆಗೆ ಬಳಸುವ 'ಪೆಚಾತ್' ವಿಷಯದಲ್ಲಿ ಜಗಳ ಇದೆ. ಕಾಸಿದ ಕಬ್ಬಿಣದಿಂದ ಬರೆ ಹಾಕುವುದರಿಂದ ಬಂತು ಎನ್ನುವವರು ಒಂದು ಕಡೆ, ಕಾಕಸಸ್ ಕಡೆಯಿಂದ ಬಂದ ಎರವಲು ಎನ್ನುವವರು ಇನ್ನೊಂದು ಕಡೆ. ಇನ್ನು ನಮ್ಮ 'ಪೇಚಿಗೆ ಸಿಕ್ಕಿಕೊಂಡ' ಅನ್ನುವ ಪೇಚು ಕೇಳಲು ಪೂರಾ ರಷ್ಯನ್ ಒಲೆಯೇ. ಆದರೆ ಅದು ತಿರುವು, ಸುತ್ತು ಎಂಬ ಅರ್ಥದ ಪಾರಸಿ ಪದ. ಎರಡಕ್ಕೂ ಏನೇನೂ ಸಂಬಂಧವಿಲ್ಲ.

ಕಡೆಗೆ ಕೆಲಸಕ್ಕೆ ಬರುವ ಒಂದು ಮಾತು. ನಿಮ್ಮ ಹಾಸ್ಟೆಲಿನ ಅಡುಗೆಮನೆಯಲ್ಲಿರುವುದಕ್ಕೆ ಪೇಚ್ ಅನ್ನಬೇಡಿ, ಜನ ನಗುತ್ತಾರೆ. ನಾಲ್ಕು ಬರ್ನರ್‌ಗಳ ಗ್ಯಾಸ್ ಅಥವಾ ವಿದ್ಯುತ್ ಒಲೆಗೆ 'ಪ್ಲಿತಾ' ಅನ್ನುತ್ತಾರೆ. ಅದರ ಮೂಲ ಅರ್ಥ ಚಪ್ಪಡಿ. ಅದರ ಕೆಳಗಿನ ಓವನ್ನಿಗೆ 'ದುಖೋವ್ಕ'. ಸುಮ್ನೆ ಅನ್ನ ಬಿಸಿ ಮಾಡುವ ಮೈಕ್ರೋವೇವ್‌ಗೆ ಕಾಗದದ ಮೇಲೆ 'ಮಿಕ್ರವಲ್ನೋವಯ ಪೇಚ್' ಎಂಬ ಉದ್ದ ಹೆಸರಿದೆ. ಬಾಯಲ್ಲಿ ಎಲ್ಲರೂ 'ಮಿಕ್ರವಲ್ನೋವ್ಕ' ಅನ್ನುತ್ತಾರೆ. ಆ ಓವನ್ನಿನಲ್ಲಿ ಕೇಕು ಮಾಡಿದರೆ ಮಾತ್ರ ಕ್ರಿಯಾಪದ ಪೇಚ್ ಎಂದೇ ಹೇಳಿ. ಅನ್ನ ಮಾಡಿದರೆ 'ವರೀತ್'.